ಊದಿಸಿಕೊಂಡು ಬಂದೆವು, ಕೇಳಲೇ ಇಲ್ಲ

ಹೊತ್ತು ಮುಳುಗಿದೆ. ಡೇರಿಗೆ ಹಾಲು ಹಾಕಿ ಬಂದವರು ಕ್ಯಾನು ಕೆಳಗಿಟ್ಟು ಟೀ ಅಂಗಡಿ ಮುಂದೆ ನಿಂತಿದ್ದಾರೆ. ಮಸೀದಿಯ ಗೇಟಿನ ಪಕ್ಕ ನಾಲ್ಕೈದು ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಕಾಯುತ್ತಿದ್ದಾರೆ. ಒಬ್ಬಳ ಕೂಸು ಮಧ್ಯಾಹ್ನದಿಂದ ಅತ್ತೂ ಅತ್ತೂ ಸುಸ್ತಾಗಿದೆ; ಯಾರದೋ ಕಣ್ಣು ಬಿದ್ದಿದೆ ಎನ್ನುವುದು ಅತ್ತೆಯ ತೀರ್ಮಾನ. ಇನ್ನೊಬ್ಬಳು ನೀರು ತುಂಬಿದ ಬಾಟಲಿಯ ಮುಚ್ಚಳ ಬಿಚ್ಚಿ ಹಿಡಿದುಕೊಂಡಿದ್ದಾಳೆ. ಮಗ್ರಿಬ್ ನಮಾಜು ಮುಗಿಯುತ್ತದೆ. ಗಂಡಸರು ಚಪ್ಪಲಿ ಹುಡುಕಿಕೊಳ್ಳುತ್ತ ಹೊರಗೆ ಬರುತ್ತಾರೆ. ಬಂದವರು ಬಂದಂತೆ ತುಟಿಯಲ್ಲೇ ಏನೋ ಹೇಳಿಕೊಂಡು ಮಗುವಿನ ಮುಖಕ್ಕೊಮ್ಮೆ, ಬಾಟಲಿಗೊಮ್ಮೆ ಊದಿ ಮುಂದೆ ಹೋಗುತ್ತಾರೆ. ಕೊನೆಗೆ ಬರುವ ಹಜರತ್ತರು ಸ್ವಲ್ಪ ಹೆಚ್ಚು ಹೊತ್ತು ಓದಿ ಊದುತ್ತಾರೆ. ಕೂಸು ಬೆಚ್ಚಿ, ಕಣ್ಣು ಪಿಳುಕಿಸಿ, ಅಳುವುದನ್ನು ಮರೆಯುತ್ತದೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ನಡುವೆ ಹಳ್ಳಿಮೈಸೂರು. ಈ ಸೀಮೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಗೇಟಿನಲ್ಲಿ ಕಾಯುವವರಲ್ಲಿ ಗೌಡರ ಮನೆಯವರೂ ಇರುತ್ತಾರೆ, ಕುರುಬರ ಮನೆಯವರೂ ಇರುತ್ತಾರೆ, ಕಾಲೋನಿಯವರೂ ಇರುತ್ತಾರೆ. ನನ್ನನ್ನೂ ಹೀಗೆ ಎತ್ತಿಕೊಂಡು ಹೋಗಿದ್ದರಂತೆ. ಅವರು ಓದಿದ್ದು ಏನು ಎಂದು ಅಮ್ಮನನ್ನು ಒಮ್ಮೆ ಕೇಳಿದೆ. ‘ಅದೆಲ್ಲ ಕೇಳಬಾರದು ಕಣೋ’ ಅಂದಳು. ಯಾಕೆ ಕೇಳಬಾರದು ಎಂಬುದಕ್ಕೆ ಅವಳಲ್ಲೂ ಉತ್ತರವಿರಲಿಲ್ಲ.

ಸಾಮಾನ್ಯವಾಗಿ ಓದುವುದು ಕುರ್‌ಆನಿನ ಏಳು ಸಾಲಿನ ಮೊದಲ ಅಧ್ಯಾಯ ಫಾತಿಹಾ, ಆಮೇಲೆ ಕೊನೆಯ ಎರಡು ಪುಟ್ಟ ಅಧ್ಯಾಯಗಳಾದ ಫಲಕ್ ಮತ್ತು ನಾಸ್. ಫಲಕ್‌ನಲ್ಲಿರುವುದು ಐದೇ ಸಾಲು. ಕವಿಯುವ ಕತ್ತಲಿನಿಂದ, ಹೊಟ್ಟೆಕಿಚ್ಚು ಪಡುವವರ ಕೆಡುಕಿನಿಂದ ಕಾಪಾಡು ಎಂದು ದೇವರ ಮೊರೆಹೋಗುವ ಅಧ್ಯಾಯ ಅದು. ಅಂದರೆ ಅತ್ತೆ ‘ಕಣ್ಣು ಬಿದ್ದಿದೆ’ ಅಂದದ್ದಕ್ಕೂ ಹಜರತ್ತರು ಓದಿದ್ದಕ್ಕೂ ನೇರ ಸಂಬಂಧವಿದೆ. ಗೇಟಿನ ಆಚೆಗೂ ಈಚೆಗೂ ಒಂದೇ ಅಂಜಿಕೆ. ಅದು ತಿಳಿಯಲು ಒಂದೇ ಒಂದು ಪ್ರಶ್ನೆ ಸಾಕಾಗಿತ್ತು.

ಕೊಡುಕೊಳ್ಳುವಿಕೆ ಇತ್ತು, ಮಾತಿರಲಿಲ್ಲ

ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೊಹರಂ ಎಂದರೆ ಬಾಬಯ್ಯನ ಹಬ್ಬ. ಪಂಜಾ ಕೂರಿಸುವ, ಕೊಂಡ ಹಾಯುವ, ಹುಲಿವೇಷ ಹಾಕುವ ಕೆಲಸಕ್ಕೆ ಮುಸ್ಲಿಮರ ಮನೆ ಇರಲೇಬೇಕೆಂದಿಲ್ಲ. ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ, ಊರಹಬ್ಬಕ್ಕೆ ಮರಿ ಕೊಯ್ಯಲು ಸಾಬರನ್ನು ಕರೆಯುವುದು ಎಷ್ಟೋ ಊರಲ್ಲಿ ವಾಡಿಕೆ. ಅವರು ಏನೋ ಅಂದು ಕತ್ತಿ ಆಡಿಸುತ್ತಾರೆ, ತಮ್ಮ ಪಾಲು ತೆಗೆದುಕೊಂಡು ಹೋಗುತ್ತಾರೆ. ಏನಂದರು ಎಂದು ಕೇಳಿದವರನ್ನು ನಾನು ಕಂಡಿಲ್ಲ. (ಅಂದದ್ದು ದೇವರ ಹೆಸರು. ಅಲ್ಲಾಹನ ಹೆಸರು ಹೇಳಿ, ಗಂಟಲು ಕೊಯ್ದು, ರಕ್ತ ಹರಿದುಹೋಗಲು ಬಿಡುವುದು; ಹಲಾಲ್ ಕಟ್ಟಿನ ತಿರುಳು ಇಷ್ಟೇ.)

ಇದನ್ನು ಭಾವೈಕ್ಯ ಎಂದು ಹೊಗಳಿ ಮುಗಿಸಿಬಿಡುವುದು ನಮಗೆ ರೂಢಿಯಾಗಿದೆ. ನನಗೆ ಅಷ್ಟು ಸಮಾಧಾನವಿಲ್ಲ. ಕೊಡುಕೊಳ್ಳುವಿಕೆ ಇತ್ತು ನಿಜ, ಆದರೆ ಮಾತಿರಲಿಲ್ಲ. ಮಾತಿಲ್ಲದ ಕಡೆ ಊಹೆ ಬೆಳೆಯುತ್ತದೆ. ದಿನಕ್ಕೆ ಐದು ಸಲ ಕೇಳುವ ಅಜಾನಿನಲ್ಲಿ ಬರುವ ‘ಅಕ್ಬರ್’ ದಿಲ್ಲಿಯ ಬಾದಶಹನೇ ಎಂದು ನಂಬಿರುವವರು ಓದಿದವರಲ್ಲೂ ಇದ್ದಾರೆ. ಅಕ್ಬರ್ ಎಂಬ ಅರಬ್ಬಿ ಪದಕ್ಕೆ ಎಲ್ಲಕ್ಕಿಂತ ದೊಡ್ಡದು ಎಂದರ್ಥ. ದೇವರು ದೊಡ್ಡವನು, ನಮಾಜಿಗೆ ಬನ್ನಿ, ಒಳಿತಿಗೆ ಬನ್ನಿ ಎಂಬುದೇ ಆ ಕೂಗಿನ ಹೂರಣ. ಬೆಳಗಿನ ಜಾವದ ಕೂಗಿನಲ್ಲಿ ಮಾತ್ರ ನಿದ್ದೆಗಿಂತ ನಮಾಜು ಮೇಲು ಎಂಬ ಮಾತು ಸೇರುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದೇವೆ, ಏನೆಂದು ಕೇಳಿಲ್ಲ. ಕನ್ನಡದಲ್ಲಿ ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ಒಂದೇ ಕ್ರಿಯಾಪದವಿದೆ. ನಾವು ಅರ್ಧವನ್ನಷ್ಟೇ ಬಳಸಿದೆವು.

ಕೇಳುವುದಕ್ಕೂ ಕೆಣಕುವುದಕ್ಕೂ

ಹಾಸನ ಜಿಲ್ಲೆಯದೇ ಉದಾಹರಣೆ ಬೇಲೂರು. ಚನ್ನಕೇಶವನ ರಥೋತ್ಸವದ ದಿನ ಪಕ್ಕದ ದೊಡ್ಡಮೇದೂರಿನ ಖಾಜಿಗಳು ಬಂದು ಕುರ್‌ಆನಿನ ಸಾಲುಗಳನ್ನು ಓದುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ತೇರು ನೋಡಲು ಬರುವ ಸಾವಿರಾರು ಜನರಲ್ಲಿ ಅವರೇನು ಓದುತ್ತಾರೆ, ಯಾಕೆ ಓದುತ್ತಾರೆ ಎಂದು ವಿಚಾರಿಸಿದವರು ಕಡಿಮೆ. 2022ರಲ್ಲಿ ಅದು ಇದ್ದಕ್ಕಿದ್ದಂತೆ ಪ್ರಶ್ನೆಯಾಯಿತು. ಆಗ ಕೇಳಿದ್ದು ‘ಏನು ಓದುತ್ತೀರಿ?’ ಎಂದಲ್ಲ, ‘ಯಾಕೆ ಓದಬೇಕು?’ ಎಂದು. ಆ ವರ್ಷ ಮುಜರಾಯಿ ಇಲಾಖೆ ಪದ್ಧತಿಯನ್ನು ಉಳಿಸಿತು, ಓದು ನಡೆಯಿತು, ತೇರೂ ಎಳೆದರು. ಆದರೆ ಆ ಸಾಲುಗಳ ಅರ್ಥವೇನು ಎಂಬ ಸಾದಾ ಪ್ರಶ್ನೆ ಗದ್ದಲದಲ್ಲಿ ಮತ್ತೆ ಹಿಂದೆ ಬಿತ್ತು.

2022 ಕರ್ನಾಟಕದ ಪಾಲಿಗೆ ಅಂಥ ವರ್ಷ. ಉಡುಪಿಯ ಕಾಲೇಜಿನಲ್ಲಿ ಎದ್ದ ಹಿಜಾಬ್ ವಿವಾದ ಹೈಕೋರ್ಟಿನ ಮಾರ್ಚ್ 15ರ ತೀರ್ಪಿನವರೆಗೆ ಹೋಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೆರನಾಗಿ ತೀರ್ಪು ಕೊಟ್ಟರು. ಯುಗಾದಿಯ ಹೊತ್ತಿಗೆ ಹಲಾಲ್, ಬೇಸಿಗೆಯಲ್ಲಿ ಅಜಾನಿನ ಮೈಕು. ಇಸ್ಲಾಮಿನ ಬಗ್ಗೆ ಕನ್ನಡದಲ್ಲಿ ಅಷ್ಟು ಪ್ರಶ್ನೆಗಳು ಹಿಂದೆಂದೂ ಒಟ್ಟಿಗೆ ಎದ್ದಿರಲಿಕ್ಕಿಲ್ಲ. ಹೆಚ್ಚಿನವು ಉತ್ತರ ಬಯಸಿ ಕೇಳಿದವಲ್ಲ.

ಅದರ ಫಲವನ್ನು ಈಗ ಊರೂರಲ್ಲಿ ನೋಡುತ್ತಿದ್ದೇವೆ. ನಿಜವಾಗಿ ತಿಳಿಯಬೇಕೆನ್ನುವವನಿಗೆ ‘ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂಬ ಅಳುಕು. ಹೇಳಬೇಕಾದವನಿಗೆ ‘ಇವನು ಯಾಕೆ ಕೇಳುತ್ತಿದ್ದಾನೆ, ಜೇಬಿನಲ್ಲಿ ಮೊಬೈಲು ರೆಕಾರ್ಡ್ ಆಗುತ್ತಿದೆಯೋ’ ಎಂಬ ಅನುಮಾನ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಬ್ಬರೂ ಸುಮ್ಮನಾಗುತ್ತಾರೆ. ರಾತ್ರಿ ಮಲಗುವಾಗ ಯಾರೋ ಕಳಿಸಿದ ವಿಡಿಯೊ ಇಬ್ಬರಿಗೂ ಬೇಕಾದ ಹಾಗೆ ಉತ್ತರ ಹೇಳುತ್ತದೆ.

ಹಾಸನದಲ್ಲಿ ಒಬ್ಬರು ಕೇಳಿದರು

ಹೊರಗಿನವರು ಕೇಳುವುದಾಯಿತು. ಒಳಗಿನವರಿಗಾದರೂ ಸಲೀಸೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ.

ಹಾಸನದ ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ ಅವರನ್ನು 2025ರ ಮೇ ತಿಂಗಳಿಂದ ಲೋಕವೆಲ್ಲ ಬಲ್ಲದು. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು; ಕನ್ನಡಕ್ಕೆ ಅದು ಮೊದಲನೆಯದು. ಆದರೆ ಹಾಸನದವರಿಗೆ ನೆನಪಿರಬೇಕಾದ ಇನ್ನೊಂದು ಇಸವಿ ಇದೆ: 2000. ಮುಸ್ಲಿಂ ಹೆಣ್ಣುಮಕ್ಕಳಿಗೆ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದು ಅವರು ಅಂದಿದ್ದರು. ಧರ್ಮವನ್ನು ತೊರೆದು ಆಡಿದ ಮಾತಲ್ಲ, ಧರ್ಮದೊಳಗೇ ನಿಂತು ಎತ್ತಿದ ಪ್ರಶ್ನೆ. ಅದಕ್ಕೆ ಸಿಕ್ಕಿದ್ದು ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ, ಫೋನಿನಲ್ಲಿ ಬೆದರಿಕೆ. ಚಾಕು ಹಿಡಿದು ಬಂದವನೊಬ್ಬನನ್ನು ಅವರ ಪತಿ ತಡೆದರು.

ಇಪ್ಪತ್ತು ವರ್ಷದ ನಂತರ, 2020ರ ಜನವರಿಯಲ್ಲಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಹೆಂಗಸರು ಮಸೀದಿಗೆ ಬಂದು ನಮಾಜು ಮಾಡಲು ಇಸ್ಲಾಮಿನಲ್ಲಿ ಅಡ್ಡಿಯಿಲ್ಲ, ಗಂಡಸರಂತೆ ಸಾಮೂಹಿಕ ನಮಾಜು ಅವರಿಗೆ ಕಡ್ಡಾಯವಲ್ಲ ಅಷ್ಟೆ ಎಂಬುದು ಅದರ ನಿಲುವು. ಮಕ್ಕಾದಲ್ಲಿ, ಮದೀನಾದಲ್ಲಿ ಹೆಂಗಸರು ನಮಾಜು ಮಾಡುವುದನ್ನು ಹಜ್‌ಗೆ ಹೋಗಿಬಂದ ಹಾಸನದ ಯಾವ ಅಜ್ಜಿಯಾದರೂ ಹೇಳುತ್ತಾಳೆ. ಉತ್ತರ ಇತ್ತು. ಕೇಳಿದ್ದೇ ತಪ್ಪಾಗಿತ್ತು.

ಬಾನು ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಲು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಉಸ್ತುವಾರಿ ಹೊತ್ತ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಗಿರೀಶ ಕಾಸರವಳ್ಳಿ ಇದನ್ನೇ ‘ಹಸೀನಾ’ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕಥೆ ಓದಿದ ಮೇಲೆ ಮಸೀದಿಯ ಗೇಟಿನಲ್ಲಿ ಕೂಸು ಎತ್ತಿಕೊಂಡು ನಿಂತ ಹೆಂಗಸರನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ಊದಿಸಿಕೊಳ್ಳಲು ಬಂದವಳಿಗೆ ಗೇಟಿನಲ್ಲಿ ಜಾಗವಿದೆ. ಕೇಳಲು ಬಂದವಳಿಗೆ?

ತಮ್ಮ ಕಥೆಗಳು ತಮ್ಮಲ್ಲಿಗೆ ಕಷ್ಟ ಹೇಳಿಕೊಂಡು ಬರುವ ಹೆಂಗಸರಿಂದ ಹುಟ್ಟಿದವು ಎಂದು ಬಾನು ಹೇಳಿದ್ದಾರೆ. ಮೆಹರ್ ಎಷ್ಟು, ತಲಾಖ್ ಆಯಿತೋ ಇಲ್ಲವೋ, ಮಕ್ಕಳು ಯಾರ ಪಾಲಿಗೆ ಎಂಬಂಥ ಪ್ರಶ್ನೆಗಳನ್ನು ಜಮಾತಿನ ಗಂಡಸರ ಎದುರು ಹೇಗೆ ಎತ್ತುವುದು? ವಕೀಲರ ಕೋಣೆಯಲ್ಲಾದರೆ ಬಾಗಿಲು ಹಾಕಿಕೊಳ್ಳಬಹುದು, ಅಳಬಹುದು, ಕೇಳಬಹುದು. ಧರ್ಮದ ಪ್ರಶ್ನೆಗೆ ಧರ್ಮದ ಕಟ್ಟಡವೇ ಬೇಕೆಂದೇನೂ ಇಲ್ಲ.

2025ರಲ್ಲಿ ಪ್ರಶ್ನೆ ಎದುರು ದಿಕ್ಕಿನಿಂದ ಬಂತು. ದಸರಾ ಉದ್ಘಾಟನೆಗೆ ಸರ್ಕಾರ ಬಾನು ಅವರನ್ನು ಕರೆದಾಗ, ಮುಸ್ಲಿಂ ಹೆಂಗಸು ಚಾಮುಂಡಿಗೆ ಹೂವು ಹಾಕಬಹುದೇ ಎಂದು ಹೊರಗಿನವರು ಜಗಳ ತೆಗೆದರು. 2017ರಲ್ಲಿ ಕವಿ ನಿಸಾರ್ ಅಹಮದ್ ಉದ್ಘಾಟಿಸಿದ್ದು ಆಗ ಎಷ್ಟೋ ಜನಕ್ಕೆ ಮರೆತುಹೋಗಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ತಕರಾರು ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ಬೆಟ್ಟ ಹತ್ತಿ ಪುಷ್ಪಾರ್ಚನೆ ಮಾಡಿ ಬಂದರು. ಒಮ್ಮೆ ಮಸೀದಿಯ ಬಾಗಿಲಲ್ಲಿ, ಒಮ್ಮೆ ಗುಡಿಯ ಬಾಗಿಲಲ್ಲಿ. ಇಪ್ಪತ್ತೈದು ವರ್ಷದ ಅಂತರದಲ್ಲಿ ಒಬ್ಬರೇ ಹೆಂಗಸು, ಎರಡೂ ಕಡೆಯ ಕಾವಲುಗಾರರು.

ಕೇಳಿಯೂ ಸತ್ತವನ ಕತೆ

ವಿಚಿತ್ರವೆಂದರೆ, ಇಸ್ಲಾಮಿನ ಮೂಲಗ್ರಂಥಗಳಲ್ಲಿ ಪ್ರಶ್ನೆಗೆ ಸಿಗುವ ಮರ್ಯಾದೆ ನಮ್ಮ ಊರಿನ ವ್ಯವಹಾರಕ್ಕಿಂತ ಎಷ್ಟೋ ದೊಡ್ಡದು. ‘ಅವರು ನಿನ್ನನ್ನು ಕೇಳುತ್ತಾರೆ’ ಎಂದು ಶುರುವಾಗಿ ಉತ್ತರ ಹೇಳುವ ಸಾಲುಗಳು ಕುರ್‌ಆನಿನಲ್ಲಿ ಹತ್ತಕ್ಕೂ ಹೆಚ್ಚಿವೆ. ಚಂದ್ರ ಯಾಕೆ ದೊಡ್ಡದಾಗಿ ಚಿಕ್ಕದಾಗುತ್ತಾನೆ, ಹೆಂಡ ಜೂಜಿನ ಬಗ್ಗೆ ಏನು ಹೇಳುತ್ತೀ, ಅನಾಥ ಮಕ್ಕಳ ಆಸ್ತಿಯನ್ನು ಏನು ಮಾಡುವುದು, ಹೆಂಗಸರ ಮುಟ್ಟಿನ ದಿನಗಳ ಕಟ್ಟಳೆ ಏನು, ಆತ್ಮ ಎಂದರೇನು ಎಂದು ಜನ ಪ್ರವಾದಿಯವರನ್ನು ಕೇಳಿದ್ದು ಗ್ರಂಥದಲ್ಲೇ ದಾಖಲಾಗಿದೆ. ಮುಟ್ಟಿನ ಬಗ್ಗೆ ಏಳನೇ ಶತಮಾನದಲ್ಲಿ ಬಹಿರಂಗವಾಗಿ ಕೇಳಿದ್ದರು ಎಂಬುದನ್ನು, ಇವತ್ತಿಗೂ ಆ ಮಾತಿಗೆ ದನಿ ತಗ್ಗಿಸುವ ನಾವು ಎರಡೂ ಮತದವರು ಗಮನಿಸಬೇಕು.

58ನೇ ಅಧ್ಯಾಯದ ಹೆಸರೇ ‘ಮುಜಾದಿಲಾ’, ಅಂದರೆ ವಾದ ಮಾಡಿದವಳು. ಖೌಲಾ ಎಂಬ ಹೆಂಗಸನ್ನು ಗಂಡ ‘ನೀನು ನನಗೆ ತಾಯಿ ಸಮ’ ಎಂದು ಹೇಳಿ ದೂರ ಮಾಡಿದ್ದ. ಆ ಕಾಲದ ಅರಬರಲ್ಲಿ ಹಾಗೆ ಅಂದರೆ ಹೆಂಡತಿಗೆ ಇತ್ತಲೂ ಇಲ್ಲ, ಅತ್ತಲೂ ಇಲ್ಲದ ಪಾಡು. ಅವಳು ನೇರ ಪ್ರವಾದಿಯವರ ಹತ್ತಿರ ಹೋಗಿ ಪಟ್ಟುಬಿಡದೆ ವಾದಿಸಿದಳು. ಅವಳ ಮಾತನ್ನು ದೇವರು ಕೇಳಿಸಿಕೊಂಡ ಎಂದೇ ಆ ಅಧ್ಯಾಯ ಆರಂಭವಾಗುತ್ತದೆ. ಗಂಡನ ಆ ಮಾತು ಸುಳ್ಳು, ಕೆಟ್ಟದ್ದು ಎಂದು ಮುಂದೆ ಸಾರುತ್ತದೆ.

ಇನ್ನೊಂದು ಪ್ರಸಂಗ ಅಬೂದಾವೂದ್ ಎಂಬ ಹದೀಸ್ (ಪ್ರವಾದಿಯವರ ನಡೆನುಡಿಗಳ) ಸಂಗ್ರಹದಲ್ಲಿದೆ. ಪ್ರಯಾಣದಲ್ಲಿದ್ದ ಒಬ್ಬನ ತಲೆಗೆ ಕಲ್ಲೇಟು ಬಿದ್ದು ಗಾಯವಾಗಿತ್ತು. ಅವನು ಮೈಲಿಗೆ ಕಳೆಯಲು ಸ್ನಾನ ಮಾಡಬೇಕಾಗಿ ಬಂತು. ಗಾಯವಿದೆ, ನೀರು ಮುಟ್ಟದೆ ಇರಬಹುದೇ ಎಂದು ಜೊತೆಗಾರರನ್ನು ಕೇಳಿದ. ಅವರಿಗೂ ಸರಿಯಾಗಿ ತಿಳಿದಿರಲಿಲ್ಲ, ಆದರೂ ‘ಆಗುವುದಿಲ್ಲ’ ಅಂದುಬಿಟ್ಟರು. ಸ್ನಾನ ಮಾಡಿದ, ಸತ್ತುಹೋದ. ಸುದ್ದಿ ಕೇಳಿದ ಪ್ರವಾದಿಯವರು ಸಿಟ್ಟಾದದ್ದು ಆ ಜೊತೆಗಾರರ ಮೇಲೆ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅರಿಯದವನಿಗೆ ಕೇಳುವುದೇ ಮದ್ದು ಎಂಬ ಅರ್ಥದ ಮಾತಾಡಿದರು. ಕಟ್ಟುನಿಟ್ಟೇ ಧರ್ಮನಿಷ್ಠೆ ಎಂದು ತೋಚಿದ್ದನ್ನು ಹೇಳಿಬಿಡುವ ಜೊತೆಗಾರರು ಎಲ್ಲ ಮತದಲ್ಲೂ ಇದ್ದಾರೆ, ಇಂದಿಗೂ.

ಮೂರನೆಯದು ನನಗೆ ಹೆಚ್ಚು ಇಷ್ಟವಾದ ಪ್ರಸಂಗ, ಸಹೀಹ್ ಮುಸ್ಲಿಂ ಸಂಗ್ರಹದ್ದು. ಅಚ್ಚ ಬಿಳಿ ಬಟ್ಟೆಯ ಅಪರಿಚಿತನೊಬ್ಬ ಬಂದು ಪ್ರವಾದಿಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾನೆ. ಇಸ್ಲಾಂ ಎಂದರೇನು, ವಿಶ್ವಾಸ ಎಂದರೇನು ಎಂದು ಒಂದೊಂದಾಗಿ ಕೇಳುತ್ತಾನೆ. ನೀನು ಯಾರು, ಎಲ್ಲಿಂದ ಬಂದೆ, ಯಾಕೆ ಕೇಳುತ್ತೀ ಎಂದು ಯಾರೂ ಅವನನ್ನು ತಡೆಯುವುದಿಲ್ಲ. ಅಂತ್ಯದ ದಿನ ಯಾವಾಗ ಎಂಬ ಪ್ರಶ್ನೆಗೆ ಸಿಗುವ ಉತ್ತರ: ಅದರ ಬಗ್ಗೆ ಕೇಳಿದವನಿಗಿಂತ ಹೆಚ್ಚೇನೂ ನನಗೆ ಗೊತ್ತಿಲ್ಲ. ಅವನು ಎದ್ದುಹೋದ ಮೇಲೆ ತಿಳಿಯುತ್ತದೆ, ಬಂದದ್ದು ಜಿಬ್ರೀಲ್ ಎಂಬ ದೇವದೂತ, ಜನಕ್ಕೆ ಕಲಿಸಲು ಬಂದದ್ದು. ಕಲಿಸಲು ಬಂದವನು ಪಾಠ ಹೇಳಲಿಲ್ಲ, ಪ್ರಶ್ನೆ ಕೇಳಿದ.

ಫತ್ವಾ ಎಂದರೆ ಉತ್ತರ

ಈ ಪರಂಪರೆಯಿಂದಲೇ ಹುಟ್ಟಿದ ಪದ ಫತ್ವಾ. ಕನ್ನಡ ಪತ್ರಿಕೆಗಳಲ್ಲಿ ಅದಕ್ಕೆ ಕಟ್ಟಪ್ಪಣೆ ಎಂಬ ಅರ್ಥ ಬಂದುಬಿಟ್ಟಿದೆ. ರಾಜಕಾರಣಿಗಳೂ ‘ಪಕ್ಷ ಫತ್ವಾ ಹೊರಡಿಸಿತು’ ಅನ್ನುತ್ತಾರೆ. ಅಸಲಿಗೆ ಅದು ಒಬ್ಬರು ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರ ಓದಿದ ಮುಫ್ತಿ ಕೊಡುವ ಅಭಿಪ್ರಾಯ. ಪ್ರಶ್ನೆಯಿಲ್ಲದೆ ಫತ್ವಾ ಇಲ್ಲ. ಬೆಂಗಳೂರಿನ ದಾರುಲ್ ಉಲೂಮ್ ಸಬೀಲುರ್ ರಷಾದ್‌ನಂಥ ದೊಡ್ಡ ಮದರಸಗಳಲ್ಲಿ ಇದಕ್ಕೆಂದೇ ದಾರುಲ್ ಇಫ್ತಾ ಎಂಬ ವಿಭಾಗವಿರುತ್ತದೆ. ಚೀಟಿಯಲ್ಲಿ ಪ್ರಶ್ನೆ ಬರೆದುಕೊಟ್ಟರೆ, ಕೆಳಗೆ ಉತ್ತರ ಬರೆದು ಮುದ್ರೆ ಒತ್ತಿ ಕೊಡುವುದು ಹಳೆಯ ಕ್ರಮ.

ಆ ಉತ್ತರವನ್ನು ಪಾಲಿಸಲೇಬೇಕೇ? 2014ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ: ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಅದನ್ನು ಹೇರುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬ ಮುಫ್ತಿಯನ್ನು ಕೇಳಲೂ ಯಾರ ಅಡ್ಡಿಯಿಲ್ಲ, ವೈದ್ಯರ ಎರಡನೇ ಅಭಿಪ್ರಾಯ ಪಡೆದಂತೆ. ಇಷ್ಟು ಸರಳವಾದ ಸವಲತ್ತು ಬೆದರಿಕೆಯ ಪದವಾಗಿ ಬೆಳೆದದ್ದರಲ್ಲಿ ಬಳಸಿದವರ ಪಾಲೂ ಇದೆ, ಬರೆದವರ ಪಾಲೂ ಇದೆ.

ಕನ್ನಡದಲ್ಲಿ ಕೇಳಿದರೆ

ನಮ್ಮ ಕಡೆ ಇನ್ನೊಂದು ತೊಡಕು ಭಾಷೆಯದು. ಹಾಸನ ಸೀಮೆಯ ಮುಸ್ಲಿಮರ ಮನೆಮಾತು ಬಹುಪಾಲು ದಖನಿ ಉರ್ದು. ಹೊರಗೆ ನಮ್ಮಷ್ಟೇ ಸರಾಗ ಕನ್ನಡ. ಆದರೆ ಧರ್ಮದ ಓದು ನಡೆಯುವುದು ಅರಬ್ಬಿ, ಉರ್ದುವಿನಲ್ಲಿ. ಮದರಸದಲ್ಲಿ ಮಕ್ಕಳು ಮೊದಲು ಕಲಿಯುವುದು ನಾಜಿರಾ, ಎಂದರೆ ಅರಬ್ಬಿ ಅಕ್ಷರ ನೋಡಿ ತಪ್ಪಿಲ್ಲದೆ ಉಚ್ಚರಿಸುವುದು. ಅರ್ಥ ಆಮೇಲೆ, ಎಷ್ಟೋ ಜನರಿಗೆ ಎಂದೂ ಇಲ್ಲ. ನಾವು ಸಂಸ್ಕೃತ ಮಂತ್ರ ಹೇಳುವ ಹಾಗೆಯೇ. ಹಾಗಾಗಿ ಪಕ್ಕದ ಮನೆಯವನು ಕೇಳಿದಾಗ ಪಕ್ಕದ ಮನೆಯ ಭಾಯಿ ತಡವರಿಸಿದರೆ ಅದು ಮುಚ್ಚುಮರೆಯಲ್ಲ. ಕೆಲವು ಊರುಗಳಲ್ಲಿ ಇಮಾಮರೇ ಉತ್ತರ ಭಾರತದವರು. ಅವರಿಗೆ ಸಂತೆಗೆ ಸಾಕಾಗುವಷ್ಟೇ ಕನ್ನಡ ಬರುತ್ತದೆ.

ಇಸ್ಲಾಮಿಗೆ ಕನ್ನಡದ ನುಡಿಗಟ್ಟು ಬಂದದ್ದು ಹೆಚ್ಚಾಗಿ ಕರಾವಳಿಯಿಂದ. ಮಂಗಳೂರಿನ ‘ಸನ್ಮಾರ್ಗ’ ವಾರಪತ್ರಿಕೆ 1978ರಿಂದ ಇದೆ. ಅಲ್ಲಿನ ಶಾಂತಿ ಪ್ರಕಾಶನ ನೂರಾರು ಪುಸ್ತಕ ತಂದಿದೆ. ‘ವಾರ್ತಾಭಾರತಿ’ಯ ಅಬ್ದುಸ್ಸಲಾಮ್ ಪುತ್ತಿಗೆ ಕುರ್‌ಆನನ್ನು ತಿಳಿಗನ್ನಡಕ್ಕೆ ತಂದಿದ್ದಾರೆ. ಬೊಳುವಾರು ಮಹಮದ್ ಕುಂಞಿ ಪ್ರವಾದಿಯವರ ಬದುಕನ್ನು ‘ಓದಿರಿ’ ಎಂಬ ಕಾದಂಬರಿ ಮಾಡಿದರು. ಪ್ರವಾದಿಗೆ ಮೊದಲು ಇಳಿದ ಪದದ ಕನ್ನಡವೇ ಆ ಹೆಸರು. ಸಕ್ಕರೆ ಓದಿಸುವ, ಬಾಬಯ್ಯನ ಹಬ್ಬ ಮಾಡುವ ನಮ್ಮ ಲೋಕ ತಿಳಿಯಲು ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಇದೆ. ಒಳಗಿನ ಹೆಂಗಸರ ಪ್ರಶ್ನೆಗಳಿಗೆ ಬಾನು ಇದ್ದಾರೆ, ಅವರಿಗೂ ಮೊದಲು ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಇದ್ದರು.

ಹೊರಗಿನವರು ಗೌರವದಿಂದ ಕೇಳಿ, ತಿಳಿದು ಬರೆದ ಉದಾಹರಣೆಯೂ ನಮ್ಮ ನೆರೆಯಲ್ಲೇ ಇದೆ. ಮಂಡ್ಯದ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಕೆ.ಎಸ್. ರಾಮಕೃಷ್ಣರಾವ್ ಇಂಗ್ಲಿಷಿನಲ್ಲಿ ಪ್ರವಾದಿ ಮುಹಮ್ಮದರ ಕುರಿತು ಪುಟ್ಟ ಪುಸ್ತಕ ಬರೆದರು. ಅದು ದೇಶವಿದೇಶದ ಮುಸ್ಲಿಮರ ಕೈಯಲ್ಲಿ ಓಡಾಡುತ್ತಿದೆ. ಮಂಡ್ಯದಲ್ಲಿ ಅವರ ಹೆಸರು ಬಲ್ಲವರು ಎಷ್ಟು ಜನವೋ.

ಪುಸ್ತಕಕ್ಕೆ ಒಂದು ಅನುಕೂಲವಿದೆ. ಅದು ನಿಮ್ಮ ಜಾತಿ ಕೇಳುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಈ ಪುಸ್ತಕ ತರಿಸಿ ಎಂದು ಅಲ್ಲಿ ಒಂದು ಮಾತು ಹೇಳಬಹುದು.

ಎಡೆಗೆ ಮೊದಲೇ ತೆಗೆದಿಟ್ಟ ಒಬ್ಬಟ್ಟು

ಪುಸ್ತಕ ಸಾಲುವುದಿಲ್ಲ ಅನ್ನುವವರಿಗೆ ಮಸೀದಿಗಳೇ ಬಾಗಿಲು ತೆರೆದ ಉದಾಹರಣೆಗಳೂ ಉಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಟ್ಯಾಸ್ಕರ್ ಟೌನಿನ ಮೋದಿ ಮಸೀದಿ ಎಲ್ಲ ಮತದವರನ್ನೂ ಒಳಗೆ ಕರೆದು ನಮಾಜು ತೋರಿಸಿ ಪ್ರಶ್ನೆಗಳಿಗೆ ಉತ್ತರಿಸಿತು. (ಹೆಸರು ನೋಡಿ ಹುಬ್ಬೇರಿಸಬೇಡಿ. ಅದು ಕಟ್ಟಿಸಿದ ಮೋದಿ ಅಬ್ದುಲ್ ಗಫೂರ್ ಎಂಬ ವ್ಯಾಪಾರಿಯದು, 19ನೇ ಶತಮಾನದ್ದು.) ಜಮಾಅತೆ ಇಸ್ಲಾಮಿ ಹಿಂದ್‌ನವರೂ ಕನ್ನಡದಲ್ಲಿ ಕುರ್‌ಆನ್ ಪ್ರವಚನ, ಮಸೀದಿ ದರ್ಶನ ಏರ್ಪಡಿಸುತ್ತಾರೆ. ಒಳ್ಳೆಯದೇ. ಆದರೆ ವೇದಿಕೆ, ಬ್ಯಾನರು, ಸನ್ಮಾನ ಇದ್ದ ಕಡೆ ಜನ ಒಳ್ಳೆಯ ಪ್ರಶ್ನೆಗಳನ್ನಷ್ಟೇ ಕೇಳುತ್ತಾರೆ. ಜೊತೆಗೆ, ತನ್ನ ಮತ ಹೆಚ್ಚೆಂದು ಒಪ್ಪಿಸಲು ಹೊರಟವನ ಎದುರು ಮನಸ್ಸು ಬಿಚ್ಚುವುದು ಕಷ್ಟ. ಎದುರಿನವನ ಮತ ಕೀಳೆಂದು ತೋರಿಸಲು ಹೊರಟವನಿಗೆ ಉತ್ತರಿಸುವುದೂ ಅಷ್ಟೇ ಕಷ್ಟ. ಇಬ್ಬರಲ್ಲೂ ಗೆಲ್ಲುವ ಹಟವಿಲ್ಲದ ಜಾಗವೇ ಸುರಕ್ಷಿತ ಜಾಗ, ಅದು ದರ್ಜಿ ಅಂಗಡಿಯಾದರೂ ಸರಿ, ಗುಜರಿ ಅಂಗಡಿಯಾದರೂ ಸರಿ.

ಅಂಥದ್ದೊಂದು ನಾನೇ ಕಂಡೆ. ನಮ್ಮ ಕಡೆ ಒಬ್ಬ ಗೃಹಿಣಿ ಹಬ್ಬಕ್ಕೆ ಒಬ್ಬಟ್ಟು ಬೇಯಿಸುವಾಗ ಮೊದಲ ನಾಲ್ಕನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟು, ಆಮೇಲೆ ಎಡೆಗೆ ಬಡಿಸಿದರು. ಇದೇನಕ್ಕ ಎಂದೆ. ‘ಪಕ್ಕದ ಮನೆ ಬೂಬಮ್ಮಂಗೆ. ಮೊದಲೆಲ್ಲ ಎಡೆಗಿಟ್ಟಿದ್ದೇ ಕೊಡ್ತಿದ್ದೆ, ಈಸ್ಕೊಂಡು ಒಳಗೆ ಇಟ್ಕೊಳ್ಳೋಳು, ತಿನ್ನೋಳಲ್ಲ. ಬೇಜಾರಾಗೋದು. ಒಂದಿನ ಬಟ್ಟೆ ಒಗೀತಾ ಯಾಕವ್ವ ಅಂತ ಕೇಳೇಬಿಟ್ಟೆ. ದೇವರಿಗೆ ಇಟ್ಟಿದ್ದು ನಾವು ತಿನ್ನಂಗಿಲ್ಲ ಅಕ್ಕ, ಇಡಕ್ಕೆ ಮುಂಚೆ ಕೊಡು, ನಾಲ್ಕಲ್ಲ ಎಂಟು ತಿಂತೀನಿ ಅಂದ್ಲು.’ ಬೇರೆ ದೇವರಿಗೆ ಅರ್ಪಿ‌ಸಿದ್ದನ್ನು ತಿನ್ನಬಾರದೆಂಬ ಕಟ್ಟಳೆ ಕುರ್‌ಆನಿನಲ್ಲಿದೆ. ಅದನ್ನು ಬಿಗಿಯಾಗಿ ಹಿಡಿಯುವವರಿದ್ದಾರೆ, ಕಣ್ಣಿಗೊತ್ತಿಕೊಂಡು ಪ್ರಸಾದ ತಿನ್ನುವವರೂ ಇದ್ದಾರೆ. ಎಷ್ಟೋ ವರ್ಷದ ಮುನಿಸು ಒಗೆಯುವ ಕಲ್ಲಿನ ಹತ್ತಿರ ಎರಡು ನಿಮಿಷದಲ್ಲಿ ಮುಗಿಯಿತು.

ಆ ಅಕ್ಕ ಕೇಳಿದ ರೀತಿ ಗಮನಿಸಿ. ‘ನಿಮ್ಮ ಜನ ಯಾಕೆ ಹೀಗೆ’ ಅನ್ನಲಿಲ್ಲ. ನೀನು ಯಾಕೆ ತಿನ್ನಲ್ಲ ಅಂದರು. ಸಾವಿರದ ನಾನೂರು ವರ್ಷದ ಲೆಕ್ಕವನ್ನು, ಎಲ್ಲೋ ಯಾರೋ ಮಾಡಿದ್ದಕ್ಕೆ ಜವಾಬನ್ನು ಪಕ್ಕದ ಮನೆಯವಳ ತಲೆಗೆ ಕಟ್ಟಲಿಲ್ಲ. ನಾಲ್ಕು ಮದುವೆ, ಜಿಹಾದ್, ಹಿಜಾಬ್ ಎಂಬ ದೊಡ್ಡ ಪ್ರಶ್ನೆಗಳೂ ಕೇಳಬಾರದವಲ್ಲ. ನಾಲ್ಕು ಮದುವೆಯ ಮಾತು ಬಂದದ್ದು ಅನಾಥರ ಪ್ರಸ್ತಾಪದ ನಡುವೆ, ಸಮನಾಗಿ ನಡೆಸಿಕೊಳ್ಳಲಾಗದಿದ್ದರೆ ಒಂದೇ ಸಾಕು ಎಂಬ ಷರತ್ತಿನೊಂದಿಗೆ. ಜಿಹಾದ್ ಎಂದರೆ ಮೂಲದಲ್ಲಿ ಹೆಣಗಾಟ. ಆದರೆ ಒಬ್ಬಟ್ಟಿನ ಪ್ರಶ್ನೆ ಕೇಳಲಾರದವರು ಜಿಹಾದಿನಿಂದ ಶುರುಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊಬೈಲು ಜೇಬಿನಲ್ಲೇ ಇರಲಿ. ನಿಮ್ಮ ಮನೆಯ ಆಚಾರದ ಬಗ್ಗೆ ಅವರೂ ಒಂದು ಕೇಳಲು ಬಿಡಿ, ಅದಕ್ಕೆ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ಇಮಾಮರನ್ನೇ ಕಾಣಬೇಕೆಂದಿದ್ದರೆ ಸಂಜೆಯ ಅಸರ್ ನಮಾಜು ಮುಗಿದು ಮಗ್ರಿಬ್ ಶುರುವಾಗುವವರೆಗಿನ ಹೊತ್ತು ಅನುಕೂಲ. ಹೆಂಗಸರಾದರೆ ಪರಿಚಯದ ಮನೆಯವರ ಮೂಲಕ ಮೊದಲೇ ಒಂದು ಮಾತು ತಿಳಿಸಿ. ಚಪ್ಪಲಿ ಹೊರಗೆ ಬಿಡಿ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಅವತ್ತು ಅವರಿಗೆ ಪುರುಸೊತ್ತಿರುವುದಿಲ್ಲ.